ರನ್‌ವೇ ಅತಿಕ್ರಮಣ ಮತ್ತು ಲಘುವಿಮಾನಗಳ ನೆಲಸಂಚಾರ

ವಿಮಾನವು ತಾನು ತಂಗಿದ ತಾಣದಿಂದ ಹೊರಟು, ಟ್ಯಾಕ್ಸಿವೇ ಎಂಬ ಒಳದಾರಿಗಳಲ್ಲಿ ಸ್ವಂತ ಎಂಜಿನಿನ ಬಲದಿಂದ ಮೆಲ್ಲಗೆ ಸಾಗಿ ರನ್‌ವೇಯ ತಲೆಯನ್ನು ಮುಟ್ಟುವವರೆಗೆ, ಮತ್ತು ಇಳಿದ ಮೇಲೆ ಅದೇ ಬಗೆಯಲ್ಲಿ ಮರಳಿ ಬಂದು ನಿಲ್ಲುವವರೆಗೆ ನಡೆಸುವ ಚಲನೆಗೆ ಟ್ಯಾಕ್ಸಿ ಮಾಡುವುದೆಂದು ಹೆಸರು. ಹೀಗೆ ಚಲಿಸುತ್ತಿರುವ ವಿಮಾನವಾಗಲಿ, ನಿಲ್ದಾಣದ ಕೆಲಸಕ್ಕೆಂದು ಓಡಾಡುವ ವಾಹನವಾಗಲಿ, ಕಾಲ್ನಡಿಗೆಯ ಮನುಷ್ಯನಾಗಲಿ, ಏರುವ ಮತ್ತು ಇಳಿಯುವ ವಿಮಾನಗಳಿಗೆ ಮೀಸಲಾದ ರಕ್ಷಿತ ನೆಲದೊಳಗೆ ಇರಬಾರದ ಹೊತ್ತಿನಲ್ಲಿ ಬಂದು ನಿಂತರೆ ಅದು ರನ್‌ವೇ ಅತಿಕ್ರಮಣವೆನಿಸುತ್ತದೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ಅಂಗೀಕರಿಸಿರುವ ಈ ಲಕ್ಷಣದಲ್ಲಿ ಡಿಕ್ಕಿ ಸಂಭವಿಸಲೇಬೇಕೆಂಬ ನಿಯಮವಿಲ್ಲ. ಇರಬಾರದ ಸ್ಥಳದಲ್ಲಿ ಇದ್ದುದೇ ಸಾಕು. ಪ್ರಾಣಿಗಳು ಈ ಗಣನೆಗೆ ಬಾರವು. 2014ರ ನವೆಂಬರ್ 6ರಂದು ಸೂರತ್ತಿನಲ್ಲಿ ಏರುತ್ತಿದ್ದ ಬೋಯಿಂಗ್ ವಿಮಾನಕ್ಕೆ ಎಮ್ಮೆಯೊಂದು ಅಡ್ಡಬಂದು ಬಡಿದ ಪ್ರಸಂಗವನ್ನು ಬೇರೆ ವರ್ಗದಲ್ಲಿ ಎಣಿಸುತ್ತಾರೆ. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನರ ಪ್ರಾಣವನ್ನು ಕೊಂಡ ದುರಂತವೂ ಅತಿಕ್ರಮಣವಲ್ಲ. ಅಲ್ಲಿ ಇಳಿದ ವಿಮಾನ ರನ್‌ವೇಯ ಕೊನೆಯಲ್ಲಿ ನಿಲ್ಲದೆ ಆಚೆಗೆ ಹಾದುಹೋಯಿತು.

ಹೈದರಾಬಾದಿನ ಪಶ್ಚಿಮದಂಚಿನ ಲಿಂಗಂಪಲ್ಲಿಯಿಂದ ಸುತ್ತಲೂ ಕಣ್ಣು ಹಾಯಿಸಿದರೆ ಈ ವಿಷಯಕ್ಕೆ ಬೇಕಾದ ಎಲ್ಲ ಬಗೆಯ ವಿಮಾನನೆಲೆಗಳೂ ಒಂದೇ ಪ್ರದೇಶದಲ್ಲಿ ದೊರೆಯುತ್ತವೆ. ಎಂಎಂಟಿಎಸ್ ರೈಲು ಪೂರ್ವಕ್ಕೆ ಸಾಗಿ ಬೇಗಂಪೇಟೆಯನ್ನು ಮುಟ್ಟುತ್ತದೆ. ನಿಜಾಮರ ಸಂಸ್ಥಾನಕಾಲದಲ್ಲಿ, 1930ರ ದಶಕದಲ್ಲಿ ಏರೋಕ್ಲಬ್ಬಿನ ನೆಲೆಯಾಗಿ ಬೆಳೆದು, ಮುಂದೆ ಡೆಕ್ಕನ್ ಏರ್‌ವೇಸ್ ಕಂಪನಿಯ ಮನೆಯಾಗಿ, 1953ರಲ್ಲಿ ಆ ಕಂಪನಿ ರಾಷ್ಟ್ರೀಕರಣಗೊಂಡ ಬಳಿಕವೂ ಅರ್ಧಶತಮಾನಕ್ಕೂ ಮಿಕ್ಕಿ ನಗರದ ಪ್ರಧಾನ ನಿಲ್ದಾಣವಾಗಿ ನಡೆದ ಆ ಕ್ಷೇತ್ರವು, 2008ರ ಮಾರ್ಚ್ ತಿಂಗಳಲ್ಲಿ ಪ್ರಯಾಣಿಕ ವಿಮಾನಗಳು ಶಂಷಾಬಾದಿಗೆ ಹೋದಮೇಲೆ, ತರಬೇತಿಯ ಲಘುವಿಮಾನಗಳು, ವಾಯುಸೇನೆಯ ವಿಮಾನಗಳು, ಗಣ್ಯರ ವಿಶೇಷ ವಿಮಾನಗಳು, ಹೆಲಿಕಾಪ್ಟರುಗಳು ಇವೆಲ್ಲವೂ ಒಂದೇ ರನ್‌ವೇಯನ್ನು ಹಂಚಿಕೊಳ್ಳುವ ಮಿಶ್ರಕ್ಷೇತ್ರವಾಗಿ ಉಳಿದಿದೆ. ವಿಮಾನನಿಲ್ದಾಣ ಪ್ರಾಧಿಕಾರದ ಸಂಚಾರನಿಯಂತ್ರಕರು ಶಿಕ್ಷಣ ಪಡೆಯುವ ಕೇಂದ್ರಗಳಲ್ಲಿ ಒಂದು ಅಲ್ಲಿಯೇ ಇದೆ. ಉತ್ತರಕ್ಕೆ ದುಂಡಿಗಲ್ಲಿನಲ್ಲಿ ವಾಯುಸೇನಾ ಅಕಾಡೆಮಿ. ದಕ್ಷಿಣಕ್ಕೆ ಶಂಷಾಬಾದಿನ ಮಹಾನಿಲ್ದಾಣ. ಪಶ್ಚಿಮದ ರೈಲುದಾರಿ ವಿಕಾರಾಬಾದಿನಲ್ಲಿ ಕವಲೊಡೆದು, ಒಂದು ಕವಲು ಯುದ್ಧವಿಮಾನಗಳ ತರಬೇತಿಗೆ ಹೆಸರಾದ ಬೀದರಿಗೂ, ಇನ್ನೊಂದು ವಾಡಿಯ ಮೂಲಕ ಕಲಬುರಗಿಗೂ ಒಯ್ಯುತ್ತದೆ. ಬೀದರಿನ ವಾಯುಸೇನಾ ನೆಲೆಯಲ್ಲಿ 2020ರ ಫೆಬ್ರವರಿಯಿಂದ ನಾಗರಿಕ ವಿಮಾನಗಳಿಗೂ ಎಡೆ ದೊರೆಯಿತು. 2019ರ ನವೆಂಬರಿನಲ್ಲಿ ತೆರೆದ ಕಲಬುರಗಿಯ ನಿಲ್ದಾಣವನ್ನು ಬೆಳಗಾವಿಯೊಡನೆ ಹಾರಾಟದ ಶಾಲೆಗಳಿಗಾಗಿ ಆರಿಸಲಾಯಿತು. ಹೊಸದಾಗಿ ಕಲಿಯುವವನೂ ಪಳಗಿದವನೂ, ಸಾವಿರ ಕಿಲೋಗ್ರಾಮಿನ ಯಂತ್ರವೂ ಎಪ್ಪತ್ತು ಸಾವಿರ ಕಿಲೋಗ್ರಾಮಿನ ಯಂತ್ರವೂ ಒಂದೇ ಟಾರುನೆಲದಲ್ಲಿ ಎದುರಾಗುವ ಇಂತಹ ಕ್ಷೇತ್ರಗಳಲ್ಲಿಯೇ ನೆಲಸಂಚಾರದ ಶಿಸ್ತು ಹೆಚ್ಚು ಪರೀಕ್ಷೆಗೆ ಒಳಗಾಗುವುದು.

ಆಕಾಶಕ್ಕಾಗಿ ನಿರ್ಮಿತವಾದ ಯಂತ್ರ ನೆಲದ ಮೇಲೆ ಬಹಳ ಅಸಮರ್ಥವಾದುದು. ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡು 1951ರಲ್ಲಿ ಮೊದಲು ಹಾರಿದ ಎಚ್‌ಟಿ-2, ಅದರ ಬಳಿಕ ಅದೇ ದಶಕದಲ್ಲಿ ಬಂದು ದೇಶದ ಫ್ಲೈಯಿಂಗ್ ಕ್ಲಬ್ಬುಗಳನ್ನೆಲ್ಲ ತುಂಬಿದ ಪುಷ್ಪಕ್, ಇವೆರಡೂ ಬಾಲದಡಿಯಲ್ಲಿ ಚಿಕ್ಕ ಗಾಲಿಯುಳ್ಳ ವಿಮಾನಗಳು. ಇಂತಹ ವಿಮಾನ ನೆಲದ ಮೇಲೆ ನಿಂತಾಗ ಮೂತಿ ಮೇಲಕ್ಕೆದ್ದು, ಎಂಜಿನ್ ಚಾಲಕನ ಮುಂದಿನ ನೋಟವನ್ನೇ ಮುಚ್ಚಿಬಿಡುವುದರಿಂದ, ಅವನು ಎಡಕ್ಕೂ ಬಲಕ್ಕೂ ಹಾವಿನ ನಡೆಯಂತೆ ಓಲಾಡಿಸುತ್ತ, ಪ್ರತಿ ತಿರುವಿನಲ್ಲೂ ಮೂತಿಯ ಪಕ್ಕದಿಂದ ಮುಂದಣ ದಾರಿಯನ್ನು ಇಣಿಕಿ ನೋಡುತ್ತ ಸಾಗಬೇಕಾಗುತ್ತಿತ್ತು. ಎಚ್‌ಟಿ-2ರಲ್ಲಿ ಕಲಿತ ತಲೆಮಾರಿಗೆ ಈ ಓಲಾಟವೇ ಹಾರಾಟದ ಮೊದಲ ಪಾಠ. ಮೂತಿಯಡಿಯಲ್ಲಿ ಗಾಲಿಯುಳ್ಳ ಈಗಿನ ತರಬೇತಿ ವಿಮಾನಗಳಲ್ಲಿ ಆ ಕಷ್ಟವಿಲ್ಲವೆಂಬುದು ನಿಜ. ಆದರೆ ಮುಂದೆ ನಿಚ್ಚಳವಾಗಿ ಕಾಣುವುದೆಂಬ ನೆಮ್ಮದಿಯಿಂದಲೇ ಕಣ್ಣನ್ನು ದಾರಿಯಿಂದ ಕಿತ್ತು ಮಡಿಲಿನ ತಪಾಸಣಾಪಟ್ಟಿಗೋ ರೇಡಿಯೋದ ಗುಂಡಿಗೋ ತಿರುಗಿಸುವ ದುರಭ್ಯಾಸವೂ ಬೆಳೆದಿದೆ. ಪಟ್ಟಿಯನ್ನು ನಿಂತು ಓದತಕ್ಕದ್ದು. ಚಲಿಸುವಾಗ ಕಣ್ಣು ಹೊರಗಿರತಕ್ಕದ್ದು. 1955ರಲ್ಲಿ ಮೊದಲು ಹಾರಿ, ಇಂದಿಗೂ ನಮ್ಮ ಶಾಲೆಗಳಲ್ಲಿ ದುಡಿಯುತ್ತಿರುವ ಸೆಸ್ನಾ 172 ವಿಮಾನದ ರೆಕ್ಕೆ ತಲೆಯ ಮೇಲಿರುವುದರಿಂದ, ರನ್‌ವೇಗೆ ಇಳಿದುಬರುತ್ತಿರುವ ಇನ್ನೊಂದು ವಿಮಾನವನ್ನು ಅದು ಮರೆಮಾಡಬಲ್ಲುದು. ಆದುದರಿಂದ ಒಳ್ಳೆಯ ಶಿಕ್ಷಕರು ಒಳಹೋಗುವ ಮುನ್ನ ವಿಮಾನವನ್ನು ಸ್ವಲ್ಪ ಓರೆಯಾಗಿ ನಿಲ್ಲಿಸಿ ಇಳಿದಾರಿಯ ಆಕಾಶವನ್ನು ಒಮ್ಮೆ ಪೂರ್ತಿಯಾಗಿ ನೋಡಿಸುತ್ತಾರೆ.

ಹನ್ನೊಂದು ಮೀಟರ್ ರೆಕ್ಕೆಹರವಿನ, ತುಂಬಿದಾಗಲೂ ಸುಮಾರು 1,100 ಕಿಲೋಗ್ರಾಂ ಮಾತ್ರ ತೂಗುವ ಇಂತಹ ವಿಮಾನಕ್ಕೆ ಗಾಳಿಯೂ ಶತ್ರು. ಮುಂದಿನಿಂದ ಓರೆಯಾಗಿ ಗಾಳಿ ಬೀಸಿದಾಗ ನಿಯಂತ್ರಣದ ಚಕ್ರವನ್ನು ಗಾಳಿಯ ಕಡೆಗೂ, ಹಿಂದಿನಿಂದ ಓರೆಯಾಗಿ ಬೀಸಿದಾಗ ಅದಕ್ಕೆ ವಿರುದ್ಧವಾಗಿಯೂ ತಿರುಗಿಸಿ ಹಿಡಿದರೆ ರೆಕ್ಕೆ ಎದ್ದು ಮಗುಚದು. ಪ್ರಕೃತಿಯ ಗಾಳಿಗಿಂತಲೂ ದೊಡ್ಡ ಜೆಟ್ ವಿಮಾನದ ಹಿಂದಣ ಬಿಸಿಗಾಳಿ ಅಪಾಯಕರ. ಅದು ನಿಂತಿರುವ ಲಘುವಿಮಾನವನ್ನೂ ಎತ್ತಿ ಒಗೆಯಬಲ್ಲುದು. ನಡೆಯುವ ಮನುಷ್ಯನ ವೇಗವನ್ನು ಮೀರದಂತೆ ತಂಗುದಾಣದಲ್ಲಿ ಚಲಿಸಬೇಕು, ಹೊರಟೊಡನೆ ಬ್ರೇಕನ್ನು ಪರೀಕ್ಷಿಸಬೇಕು, ತಿರುಗುವ ಪ್ರೊಪೆಲ್ಲರಿನ ಬಳಿ ಯಾರೂ ಸುಳಿಯಬಾರದು ಎಂಬ ನಿಯಮಗಳು ಎಲ್ಲ ಶಾಲೆಗಳಲ್ಲಿಯೂ ಸಮಾನ.

ರನ್‌ವೇಯ ಗಡಿಯನ್ನು ಕಾಯುವುದು ಮುಖ್ಯವಾಗಿ ಬಣ್ಣ. ಟ್ಯಾಕ್ಸಿವೇ ರನ್‌ವೇಯನ್ನು ಸೇರುವ ಮುನ್ನ ಅಡ್ಡಲಾಗಿ ನಾಲ್ಕು ಹಳದಿ ಗೆರೆಗಳಿರುತ್ತವೆ. ಎರಡು ಅಖಂಡ, ಎರಡು ತುಂಡುತುಂಡು. ಅಖಂಡ ಗೆರೆಗಳ ಕಡೆಯಿಂದ ಬರುವವನು ಅನುಮತಿಯಿಲ್ಲದೆ ದಾಟಕೂಡದು; ತುಂಡುಗೆರೆಗಳ ಕಡೆಯಿಂದ, ಎಂದರೆ ರನ್‌ವೇಯಿಂದ ಹೊರಬರುವವನು, ದಾಟಿ ಆಚೆಗೆ ಹೋಗಿಯೇ ನಿಲ್ಲಬೇಕು. ಚಿಕ್ಕ ಕ್ಷೇತ್ರಗಳಲ್ಲಿ ಈ ಗೆರೆ ರನ್‌ವೇಯ ನಡುರೇಖೆಗೆ 30 ಮೀಟರಿನಷ್ಟು ಸಮೀಪವಿರಬಹುದು. ಉಪಕರಣಗಳ ಆಧಾರದಿಂದ ದೊಡ್ಡ ವಿಮಾನಗಳು ಇಳಿಯುವ ರನ್‌ವೇಗಳಲ್ಲಿ ಅದು 90 ಮೀಟರ್ ದೂರಕ್ಕೆ ಸರಿಯುತ್ತದೆ. ಚಿಕ್ಕ ಕ್ಷೇತ್ರದಲ್ಲಿ ಕಲಿತು ದೊಡ್ಡದಕ್ಕೆ ಬಂದ ಚಾಲಕನು, ರನ್‌ವೇ ಇನ್ನೂ ದೂರವಿದೆಯೆಂದು ಭಾವಿಸಿ ಗೆರೆಯನ್ನು ದಾಟಿಬಿಡುವುದಕ್ಕೆ ಈ ಅಂತರವೇ ಒಂದು ಕಾರಣ. ಗೆರೆಯ ಪಕ್ಕದಲ್ಲಿ ಕೆಂಪು ನೆಲದ ಮೇಲೆ ಬಿಳಿಯ ಅಂಕಿಗಳ ಫಲಕ ಆಜ್ಞಾಸೂಚಕ. ಕಪ್ಪು ನೆಲದ ಹಳದಿ ಅಕ್ಷರ ತಾನೆಲ್ಲಿರುವೆನೆಂಬುದನ್ನೂ, ಹಳದಿ ನೆಲದ ಕಪ್ಪು ಅಕ್ಷರ ದಾರಿ ಎತ್ತ ಹೋಗುವುದೆಂಬುದನ್ನೂ ತಿಳಿಸುತ್ತವೆ. ರಾತ್ರಿಯಲ್ಲಿ ಟ್ಯಾಕ್ಸಿವೇಯ ಅಂಚು ನೀಲಿ, ನಡುರೇಖೆ ಹಸಿರು, ರನ್‌ವೇಯ ಅಂಚು ಬಿಳಿ. ಸ್ಟಾಪ್‌ಬಾರ್ ಎಂಬ ಕೆಂಪು ದೀಪಗಳ ಸಾಲು ಉರಿಯುತ್ತಿರುವಾಗ, ರೇಡಿಯೋದಲ್ಲಿ ಅನುಮತಿ ಕೇಳಿಸಿದ್ದರೂ ಅದನ್ನು ದಾಟಲಾಗದು. ರೇಡಿಯೋ ಕೆಟ್ಟವನಿಗೆ ನಿಯಂತ್ರಣ ಗೋಪುರದಿಂದ ದೀಪವೇ ಮಾತಾಡುತ್ತದೆ: ಸ್ಥಿರವಾದ ಕೆಂಪು ಕಂಡರೆ ನಿಲ್ಲಬೇಕು, ಮಿಣುಕುವ ಕೆಂಪು ಕಂಡರೆ ಇಳಿನೆಲದಿಂದ ತೊಲಗಬೇಕು, ಮಿಣುಕುವ ಬಿಳಿ ಕಂಡರೆ ಹೊರಟಲ್ಲಿಗೆ ಮರಳಬೇಕು.

ನಮ್ಮ ದಖ್ಖಣದ ನೆಲಕ್ಕೆ ವಿಶೇಷವಾದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ರನ್‌ವೇಯ ಅಂಕಿಯು ಅದರ ದಿಕ್ಕನ್ನು ಹತ್ತರ ಲೆಕ್ಕದಲ್ಲಿ ಸೂಚಿಸುವುದಷ್ಟೆ. ಬೇಗಂಪೇಟೆ, ಶಂಷಾಬಾದ್, ಕಲಬುರಗಿ, ಬೆಂಗಳೂರಿನ ಎಚ್‌ಎಎಲ್ ಮತ್ತು ಕೆಂಪೇಗೌಡ ನಿಲ್ದಾಣ, ಇವುಗಳ ರನ್‌ವೇಗಳೆಲ್ಲವೂ 09 ಮತ್ತು 27, ಎಂದರೆ ನೇರ ಪೂರ್ವಪಶ್ಚಿಮ. ಬೆಳಗಿನಲ್ಲಿಯೂ ಸಂಜೆಯಲ್ಲಿಯೂ ಕೆಳಸೂರ್ಯನು ರನ್‌ವೇಯ ಗುಂಟ ಕಣ್ಣಿಗೆ ಹೊಡೆಯುತ್ತಾನೆ; ತಂಪುಹೊತ್ತೆಂದು ತರಬೇತಿಯ ಹಾರಾಟಗಳು ಹೆಚ್ಚಾಗಿ ನಡೆಯುವುದೂ ಅದೇ ಹೊತ್ತುಗಳಲ್ಲಿ. ಬಿಸಿಲಿಗೆದುರಾಗಿ ಸಾಗುವವನಿಗೆ ಮಾಸಿದ ಹಳದಿ ಗೆರೆ ಕಾಣದು. ಮಳೆಗಾಲ ಕಳೆದೊಡನೆ ಗೆರೆಗಳಿಗೆ ಹೊಸ ಬಣ್ಣ ಬಳಿಯಿಸುವುದು ಅಲ್ಪವೆಚ್ಚದ, ಅಗ್ಗಳಿಕೆಯಿಲ್ಲದ ಕೆಲಸ. ಆದರೆ ಅದಕ್ಕಿಂತ ಹೆಚ್ಚು ಪ್ರಾಣಗಳನ್ನು ಉಳಿಸುವ ಕೆಲಸ ನಿಲ್ದಾಣದಲ್ಲಿ ಹೆಚ್ಚಿಲ್ಲವೆಂಬುದು ಈ ಲೇಖಕನ ದೃಢವಾದ ಅಭಿಪ್ರಾಯ. ಶಂಷಾಬಾದಿನಲ್ಲಿ 4,260 ಮೀಟರಿನ ಪ್ರಧಾನ ರನ್‌ವೇಗೆ ಸಮಾಂತರವಾಗಿರುವ 3,707 ಮೀಟರಿನ ಎರಡನೆಯ ರನ್‌ವೇಯು ಟ್ಯಾಕ್ಸಿವೇಯೊಂದನ್ನು ಮಾರ್ಪಡಿಸಿ ಮಾಡಿದುದು. ನಿನ್ನೆಯವರೆಗೆ ಒಳದಾರಿಯಾಗಿದ್ದುದು ಇಂದು ರನ್‌ವೇಯಾಗಬಹುದಾದ ಕಡೆ, ಹೊರಡುವ ಮುನ್ನ ಆ ದಿನದ ಸೂಚನಾಪತ್ರವನ್ನೂ ನಕ್ಷೆಯನ್ನೂ ಓದದೆ ಚಾಲಕನು ಗಾಲಿಯನ್ನು ಉರುಳಿಸಕೂಡದು. ದಾರಿಗಳು ತೊಡಕಾಗಿ ಕೂಡುವ, ತಪ್ಪುಗಳು ಮರುಕಳಿಸುವ ಜಾಗಗಳನ್ನು ನಕ್ಷೆಯಲ್ಲಿ ಹಾಟ್‌ಸ್ಪಾಟ್ ಎಂದು ಗುರುತಿಸುವ ಪದ್ಧತಿಯೂ ಈಗ ರೂಢವಾಗಿದೆ.

ಗೆರೆಯ ಬಳಿಕ ಮಾತು. ನಿಯಂತ್ರಕನು ಹೋಲ್ಡ್ ಶಾರ್ಟ್ ಎಂದರೆ ರನ್‌ವೇಯ ಹೊರಗೆ ನಿಲ್ಲಬೇಕು. ಲೈನ್ ಅಪ್ ಅಂಡ್ ವೆಯ್ಟ್ ಎಂದರೆ ರನ್‌ವೇಯ ಮೇಲೆ ಬಂದು ಸಾಲಾಗಿ ನಿಂತು ಕಾಯಬೇಕು, ಏರಬಾರದು. ಇವನ್ನು ಕೇಳಿದ ಚಾಲಕನು ತನ್ನ ವಿಮಾನದ ಕರೆಹೆಸರಿನೊಡನೆ ಅಕ್ಷರಶಃ ಮರುನುಡಿಯಬೇಕು. ಸುಮ್ಮನೆ ರೋಜರ್ ಎಂದರೆ ಸಾಲದು. ಈ ಕಟ್ಟುನಿಟ್ಟು ಬಹಳ ದುಬಾರಿಯಾದ ಪಾಠ. 1977ರ ಮಾರ್ಚ್ 27ರಂದು ಕೆನರಿ ದ್ವೀಪಗಳ ಟೆನೆರಿಫೆಯಲ್ಲಿ, ನೆರೆಯ ನಿಲ್ದಾಣದಲ್ಲಿ ಬಾಂಬು ಸಿಡಿದುದರಿಂದ ದಾರಿ ತಿರುಗಿಸಿಕೊಂಡು ಬಂದಿದ್ದ ಎರಡು ಜಂಬೋ ವಿಮಾನಗಳು ಮಂಜು ಮುಸುಕಿದ ಒಂದೇ ರನ್‌ವೇಯ ಮೇಲಿದ್ದವು. ಅನುಮತಿ ದೊರೆಯಿತೆಂದು ಭಾವಿಸಿ ಕೆಎಲ್‌ಎಂ ವಿಮಾನವು ಓಟ ಆರಂಭಿಸಿದ ಆ ಕ್ಷಣದಲ್ಲಿ, ಗೋಪುರದ ಮಾತೂ ಪ್ಯಾನ್ ಅಮೆರಿಕನ್ ವಿಮಾನದವರ ಎಚ್ಚರಿಕೆಯೂ ಒಂದರ ಮೇಲೊಂದು ಬಿದ್ದು ಕೀರಲುದನಿಯಾಗಿ ಕೇಳಿಸಿತು. 583 ಜನ ಸತ್ತರು. ಟೇಕ್ ಆಫ್ ಎಂಬ ಪದವನ್ನು ನಿಜವಾಗಿ ಏರಲು ಅನುಮತಿ ಕೊಡುವಾಗ ಅಥವಾ ಹಿಂತೆಗೆಯುವಾಗಲ್ಲದೆ ಬೇರೆಲ್ಲಿಯೂ ಬಳಸಬಾರದೆಂಬ ಇಂದಿನ ನಿಯಮಕ್ಕೆ ಆ ದಿನವೇ ಮೂಲ. ಗೋಪುರವಿಲ್ಲದ ಚಿಕ್ಕ ಕ್ಷೇತ್ರಗಳಲ್ಲಿ ಚಾಲಕರು ಒಂದೇ ರೇಡಿಯೋ ತರಂಗದಲ್ಲಿ ತಂತಮ್ಮ ಇರವನ್ನು ತಾವೇ ಸಾರಿಕೊಳ್ಳಬೇಕಾಗುತ್ತದೆ. ಅಲ್ಲಿಯೂ ಮಾತು ಕೈಕೊಡಬಹುದೆಂಬುದಕ್ಕೆ ಅಮೆರಿಕದ ಕ್ವಿನ್ಸಿಯಲ್ಲಿ 1996ರ ನವೆಂಬರ್ 19ರಂದು ನಡೆದುದು ನಿದರ್ಶನ. ಇಳಿಯುತ್ತಿದ್ದ ಬೀಚ್ 1900 ವಿಮಾನದವರು ರನ್‌ವೇಯ ಬಳಿಯಿದ್ದ ಕಿಂಗ್ ಏರ್ ವಿಮಾನವನ್ನು ಕುರಿತು ನೀವು ಕಾಯುವಿರಾ ಎಂದು ಕೇಳಲು, ಅದರ ಹಿಂದೆ ನಿಂತಿದ್ದ ಮೂರನೆಯ ಚಿಕ್ಕ ವಿಮಾನದವನು ಕಾಯುತ್ತೇನೆಂದು ಉತ್ತರಿಸಿದನು. ಉತ್ತರ ಯಾರದೆಂಬುದು ತಿಳಿಯದೆಹೋಗಿ, ಅಡ್ಡಹಾದಿಗಳ ಕೂಡಲಿನಲ್ಲಿ ಎರಡೂ ವಿಮಾನಗಳು ಬಡಿದು 14 ಮಂದಿಯೂ ಮಡಿದರು.

ಲಘುವಿಮಾನದ ನೆಲಸಂಚಾರವನ್ನು ಅಭ್ಯಸಿಸುವವರು ಎಲ್ಲಕ್ಕಿಂತ ಮಿಗಿಲಾಗಿ ಮನನಮಾಡಬೇಕಾದುದು ಇಟಲಿಯ ಮಿಲಾನ್ ನಗರದ ಲಿನಾತೆ ನಿಲ್ದಾಣದ ದುರಂತ. 2001ರ ಅಕ್ಟೋಬರ್ 8ರ ಬೆಳಗ್ಗೆ, ಇನ್ನೂರು ಮೀಟರಾಚೆ ಏನೂ ಕಾಣದ ಮಂಜಿನಲ್ಲಿ, ನಾಲ್ವರಿದ್ದ ಸೆಸ್ನಾ ಸೈಟೇಶನ್ ವಿಮಾನವೊಂದು ಪಶ್ಚಿಮದ ತಂಗುದಾಣದಿಂದ ಹೊರಟಿತು. ಅದಕ್ಕೆ ಹೇಳಿದ ದಾರಿ ಆರ್5, ಉತ್ತರದ ಸುತ್ತುದಾರಿ. ಅದು ಹಿಡಿದ ದಾರಿ ಆರ್6, ನೇರವಾಗಿ ರನ್‌ವೇಯನ್ನು ಅಡ್ಡಹಾಯುವುದು. ಕವಲಿನ ಗುರುತುಗಳು ಮಾಸಿದ್ದವು, ಫಲಕಗಳು ಕ್ರಮಕ್ಕೆ ಒಳಪಟ್ಟಿರಲಿಲ್ಲ. ನೆಲದ ಮೇಲೆ ಬರೆದ ಎಸ್4 ಎಂಬ ಗುರುತನ್ನು ಕಂಡ ಚಾಲಕನು ಅದನ್ನು ರೇಡಿಯೋದಲ್ಲಿ ಪ್ರಾಮಾಣಿಕವಾಗಿ ವರದಿಮಾಡಿದನು. ಆದರೆ ನಿಯಂತ್ರಕನ ನಕ್ಷೆಯಲ್ಲಿ ಆ ಗುರುತೇ ಇರಲಿಲ್ಲವಾಗಿ, ವಿಮಾನ ಉತ್ತರದಲ್ಲಿಯೇ ಇರುವುದೆಂದು ಬಗೆದು ಅವನು ಮುಂದುವರಿಯಲು ಹೇಳಿದನು. ಹಳೆಯ ನೆಲರಾಡಾರ್ ಕೆಲಸದಲ್ಲಿರಲಿಲ್ಲ, ಹೊಸದನ್ನು ಇನ್ನೂ ನೆಟ್ಟಿರಲಿಲ್ಲ. ಅತಿಕ್ರಮಣವನ್ನು ಅರಿಯಲೆಂದು ಹಿಂದೆ ಹೂಳಿದ್ದ ಸಂವೇದಕಗಳನ್ನು ಸ್ಥಗಿತಗೊಳಿಸಲಾಗಿತ್ತು. ಆ ಚಾಲಕರಿಗೆ ಅಷ್ಟು ದಟ್ಟವಾದ ಮಂಜಿನಲ್ಲಿ ಹಾರುವ ಅರ್ಹತೆಯೂ ಇರಲಿಲ್ಲ. ಕೋಪನ್‌ಹೇಗನ್ನಿಗೆ ಹೊರಟು ಪೂರ್ಣವೇಗದಲ್ಲಿ ಏರುತ್ತಿದ್ದ ಎಂಡಿ-87 ವಿಮಾನ ಸೆಸ್ನಾವನ್ನು ಬಡಿದು, ಪ್ರಯಾಣಿಕರ ಸಾಮಾನುಗಳನ್ನು ನಿರ್ವಹಿಸುವ ಕಟ್ಟಡಕ್ಕೆ ನುಗ್ಗಿತು. ಎರಡೂ ವಿಮಾನಗಳಲ್ಲಿದ್ದ 114 ಮಂದಿ, ಕಟ್ಟಡದಲ್ಲಿ ದುಡಿಯುತ್ತಿದ್ದ ನಾಲ್ವರು, ಒಟ್ಟು 118 ಜನ ಮೃತಪಟ್ಟರು. ಒಬ್ಬ ಚಾಲಕನ ತಿರುವಿನ ತಪ್ಪೆಂದು ಇದನ್ನು ಮುಗಿಸಿಬಿಡುವುದು ಅನ್ಯಾಯ. ಆ ತಪ್ಪನ್ನು ಹಿಡಿದು ನಿಲ್ಲಿಸಬೇಕಾಗಿದ್ದ ಬಣ್ಣ, ಫಲಕ, ನಕ್ಷೆ, ರಾಡಾರ್ ಎಂಬ ನಾಲ್ಕು ಬೇಲಿಗಳೂ ಅದಕ್ಕೆ ಮೊದಲೇ ಬಿದ್ದುಹೋಗಿದ್ದವು.

ಇತರ ಎರಡು ಪ್ರಸಂಗಗಳನ್ನು ಸಂಕ್ಷೇಪವಾಗಿ ಹೇಳಬಹುದು. 1991ರ ಫೆಬ್ರವರಿ 1ರ ರಾತ್ರಿ ಲಾಸ್ ಏಂಜಲೀಸಿನಲ್ಲಿ, ರನ್‌ವೇಯ ಮಧ್ಯದ ಕೂಡಲಿನಲ್ಲಿ ನಿಂತು ಕಾಯುತ್ತಿರೆಂದು ಹೇಳಿಸಿಕೊಂಡ ಚಿಕ್ಕ ಮೆಟ್ರೋಲೈನರನ್ನು ನಿಯಂತ್ರಕಿ ಮರೆತು, ಅದೇ ರನ್‌ವೇಗೆ ಬೋಯಿಂಗ್ ವಿಮಾನವನ್ನು ಇಳಿಸಿದಳು. ಚಿಕ್ಕ ವಿಮಾನದ ದೀಪಗಳು ರನ್‌ವೇಯ ದೀಪಗಳಲ್ಲಿ ಬೆರೆತು ಮೇಲಿನಿಂದ ಕಾಣದೆ, 35 ಮಂದಿ ಸತ್ತರು. 1994ರ ನವೆಂಬರ್ 22ರಂದು ಸೇಂಟ್ ಲೂಯಿಯಲ್ಲಿ ಸೆಸ್ನಾ 441 ವಿಮಾನದ ಚಾಲಕನು, ತಾನು ಆಗಷ್ಟೇ ಇಳಿದಿದ್ದ ರನ್‌ವೇಯಿಂದಲೇ ಏರಬೇಕೆಂದು ಮನಸ್ಸಿನಲ್ಲಿ ನಿಶ್ಚಯಿಸಿಕೊಂಡು, ಕಿವಿಗೆ ಬಿದ್ದ ಬೇರೊಂದು ರನ್‌ವೇಯ ಹೆಸರನ್ನು ಗ್ರಹಿಸದೆ ಹೋಗಿ, ಎಂಡಿ-82 ವಿಮಾನದ ಹಾದಿಯಲ್ಲಿ ನಿಂತನು. ಅವನೂ ಅವನ ಜೊತೆಗಾರನೂ ಮಡಿದರು. ನಿರೀಕ್ಷೆ ಕಿವಿಯನ್ನು ಮುಚ್ಚುವುದೆಂಬ ಮನೋಧರ್ಮಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಭಾರತದಲ್ಲಿ ಈಚಿನ ವರ್ಷಗಳ ಪ್ರಸಂಗಗಳು ಪ್ರಾಣಹಾನಿಯಿಲ್ಲದೆ ಕಳೆದಿದ್ದರೂ ಕಳವಳಕ್ಕೆ ಕಾರಣವಾದುವೇ. 2016ರ ಡಿಸೆಂಬರ್ 27ರಂದು ದೆಹಲಿಯಲ್ಲಿ ಎರಡು ಪ್ರಯಾಣಿಕ ವಿಮಾನಗಳು ನೆಲದ ಮೇಲೆ ಎದುರುಬದುರಾದವು. 2020ರ ಫೆಬ್ರವರಿ 15ರಂದು ವಾಯುಸೇನೆಯೂ ನಾಗರಿಕರೂ ಹಂಚಿಕೊಂಡಿರುವ ಪುಣೆಯ ಕ್ಷೇತ್ರದಲ್ಲಿ, ರನ್‌ವೇಯ ಮೇಲೆ ಜೀಪನ್ನೂ ಮನುಷ್ಯನನ್ನೂ ಕಂಡ ಏರ್ ಇಂಡಿಯಾ ಚಾಲಕರು ಡಿಕ್ಕಿ ತಪ್ಪಿಸಲು ಅವಧಿಗೆ ಮುನ್ನವೇ ವಿಮಾನವನ್ನು ಎತ್ತಬೇಕಾಗಿ ಬಂದು, ಅದರ ಹಿಂಭಾಗಕ್ಕೆ ಜಖಂ ಆಯಿತು. 2024ರ ಮಾರ್ಚ್ 27ರಂದು ಕೋಲ್ಕತ್ತಾದಲ್ಲಿ ಟ್ಯಾಕ್ಸಿ ಮಾಡುತ್ತಿದ್ದ ವಿಮಾನದ ರೆಕ್ಕೆತುದಿ ನಿಂತಿದ್ದ ಇನ್ನೊಂದರ ರೆಕ್ಕೆಗೆ ತಗುಲಿತು. ಅದೇ ವರ್ಷ ಜೂನ್ 8ರಂದು ಮುಂಬಯಿಯಲ್ಲಿ ಒಂದು ವಿಮಾನ ಏರುತ್ತಿರುವಾಗಲೇ ಅದರ ಬೆನ್ನಿಗೆ ಅದೇ ರನ್‌ವೇಯಲ್ಲಿ ಇನ್ನೊಂದು ಇಳಿಯಿತು. ಬೆಂಗಳೂರಿನಲ್ಲಿ 2022ರ ಜನವರಿಯಲ್ಲಿ ಸಮಾಂತರ ರನ್‌ವೇಗಳಿಂದ ಒಂದೇ ವೇಳೆಗೆ ಏರಿದ ಎರಡು ವಿಮಾನಗಳು ಆಕಾಶದಲ್ಲಿ ಪರಸ್ಪರ ಸಮೀಪಿಸಿದುದು ಅತಿಕ್ರಮಣದ ಲಕ್ಷಣಕ್ಕೆ ಸೇರದಿದ್ದರೂ, ಯಾವ ರನ್‌ವೇ ಯಾರ ವಶದಲ್ಲಿದೆಯೆಂಬುದು ನಿಯಂತ್ರಕರೊಳಗೇ ತಿಳಿಯದೆ ಹೋದುದರಿಂದ ಉಂಟಾದುದಾಗಿ, ಇದಕ್ಕೆ ಹತ್ತಿರದ ನಂಟಿನದು.

ಅತಿಕ್ರಮಣಗಳ ತೀವ್ರತೆಯನ್ನು ಐದು ಶ್ರೇಣಿಗಳಲ್ಲಿ ಅಳೆಯುತ್ತಾರೆ. ಕೂದಲೆಳೆಯಲ್ಲಿ ಡಿಕ್ಕಿ ತಪ್ಪಿದುದು ಎ. ಅಂತರ ತಗ್ಗಿ ಡಿಕ್ಕಿಯ ಸಂಭವ ಗಣನೀಯವಾಗಿದ್ದುದು ಬಿ. ತಪ್ಪಿಸಿಕೊಳ್ಳಲು ಸಾಕಷ್ಟು ಕಾಲವೂ ದೂರವೂ ಇದ್ದುದು ಸಿ. ಲಕ್ಷಣಕ್ಕೆ ಒಳಪಟ್ಟರೂ ಕೂಡಲೇ ಅಪಾಯವಿಲ್ಲದುದು ಡಿ. ನಿರ್ಣಯಕ್ಕೆ ಮಾಹಿತಿ ಸಾಲದುದು ಇ. ಡಿ ಶ್ರೇಣಿಯ ಘಟನೆಗಳನ್ನು ವರದಿಮಾಡದೆ ನುಂಗಿಕೊಳ್ಳುವ ಸಂಸ್ಥೆಯಲ್ಲಿ ಎ ಶ್ರೇಣಿಯದು ಮುನ್ಸೂಚನೆಯಿಲ್ಲದೆ ಬರುತ್ತದೆ. ಆದುದರಿಂದ ತಪ್ಪೊಪ್ಪಿಕೊಂಡ ವಿದ್ಯಾರ್ಥಿಯನ್ನು ದಂಡಿಸುವ ಶಾಲೆಯು ತನ್ನ ಕಣ್ಣನ್ನು ತಾನೇ ಕಟ್ಟಿಕೊಂಡಂತೆ.

ನೆಲರಾಡಾರ್, ವಿಮಾನಗಳು ತಮ್ಮ ಇರವನ್ನು ತಾವೇ ಬಿತ್ತರಿಸುವ ಎಡಿಎಸ್-ಬಿ, ರನ್‌ವೇ ಬಳಕೆಯಲ್ಲಿದ್ದಾಗ ತಾವಾಗಿ ಕೆಂಪಾಗುವ ದೀಪಗಳು, ಚಾಲಕನ ಕೋಣೆಯಲ್ಲಿಯೇ ನುಡಿದೆಚ್ಚರಿಸುವ ಯಂತ್ರಗಳು, ಇವೆಲ್ಲ ದೊಡ್ಡ ನಿಲ್ದಾಣಗಳಿಗೂ ದೊಡ್ಡ ವಿಮಾನಗಳಿಗೂ ಒದಗಿಬರುತ್ತಿವೆ. ಆದರೆ ಯಂತ್ರವೇ ಸಾಲದೆಂಬುದನ್ನು ಟೋಕಿಯೋದ ಹನೇಡಾ ನಿಲ್ದಾಣ ತೋರಿಸಿಕೊಟ್ಟಿತು. 2024ರ ಜನವರಿ 2ರ ಸಂಜೆ, ನೋಟೋ ಭೂಕಂಪದ ಸಂತ್ರಸ್ತರಿಗೆ ಸಾಮಗ್ರಿ ಒಯ್ಯಬೇಕಾಗಿದ್ದ ಕರಾವಳಿ ರಕ್ಷಣಾಪಡೆಯ ವಿಮಾನವು ಅನುಮತಿಯಿದೆಯೆಂದು ಭಾವಿಸಿ ರನ್‌ವೇಯನ್ನು ಸೇರಿ ಸುಮಾರು 40 ಸೆಕೆಂಡು ಅಲ್ಲಿಯೇ ನಿಂತಿತು. ನಿಯಂತ್ರಕರ ಪರದೆಯಲ್ಲಿ ಎಚ್ಚರಿಕೆ ಮೂಡಿದರೂ ಯಾರೂ ಗಮನಿಸಲಿಲ್ಲ. ಇಳಿದುಬಂದ ಜಪಾನ್ ಏರ್‌ಲೈನ್ಸ್ ವಿಮಾನ ಅದನ್ನು ಬಡಿದು ಹೊತ್ತಿ ಉರಿಯಿತು. ಚಿಕ್ಕ ವಿಮಾನದ ಆರು ಮಂದಿಯಲ್ಲಿ ಐವರು ಸತ್ತರು. ದೊಡ್ಡದರಲ್ಲಿದ್ದ 379 ಮಂದಿಯೂ ಪಾರಾದರು. ಕೆಲವೇ ದಿನಗಳಲ್ಲಿ ಜಪಾನಿನ ಸರ್ಕಾರ ಎರಡು ಕ್ರಮಗಳನ್ನು ಕೈಗೊಂಡಿತು: ಆ ಪರದೆಯನ್ನು ನೋಡುತ್ತಿರುವುದಕ್ಕೆಂದೇ ಒಬ್ಬ ನಿಯಂತ್ರಕನನ್ನು ಗೋಪುರದಲ್ಲಿ ನೇಮಿಸಿತು, ಮತ್ತು ಏರುವ ಸರದಿಯಲ್ಲಿ ನೀವು ಮೊದಲನೆಯವರೆಂದು ಚಾಲಕನಿಗೆ ಹೇಳುವ ರೂಢಿಯನ್ನು ನಿಲ್ಲಿಸಿತು. ರಾಡಾರುಗಳನ್ನು ಕೊಳ್ಳಲಾರದ ನಮ್ಮ ತರಬೇತಿ ಕ್ಷೇತ್ರಗಳು ಈ ಎರಡನ್ನೂ ನಾಳೆಯೇ ಆಚರಣೆಗೆ ತರಬಹುದು: ರನ್‌ವೇಯನ್ನು ಮಾತ್ರ ನೋಡುತ್ತಿರುವ ಎರಡು ಕಣ್ಣುಗಳಿರಲಿ, ಮತ್ತು ಎರಡರ್ಥಕ್ಕೆ ಎಡೆಗೊಡುವ ಮಾತು ರೇಡಿಯೋದಲ್ಲಿ ಇರದಿರಲಿ.